ಕಣ್ಣು ಕಲಿಯದೆ ಕೈ ಕಲಿಯದು



ಕ್ರಿಕೆಟ್ ಕಲಿಸುವ ಯಾವ ಮೈದಾನದ ಬೇಲಿಯ ಹೊರಗೆ ನಿಂತರೂ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಚೆಂಡನ್ನ ನೋಡೋ, ಬ್ಯಾಟಿಗೆ ಬಡಿಯೋವರೆಗೂ ನೋಡ್ತಾನೇ ಇರು!’ ಹೇಳುವವರು ಕಾಳಜಿಯಿಂದಲೇ ಹೇಳುತ್ತಾರೆ, ಕೇಳುವ ಹುಡುಗನೂ ತಲೆಯಾಡಿಸುತ್ತಾನೆ. ಆದರೆ ವೇಗದ ಬೌಲರ್ ಎದುರು ಈ ಅಪ್ಪಣೆಯನ್ನು ಅಕ್ಷರಶಃ ಪಾಲಿಸುವುದು ಮನುಷ್ಯರಿಂದ ಆಗುವ ಕೆಲಸವಲ್ಲ. ಹುಡುಗನಿಂದ ಆಗದು, ಟೆಸ್ಟ್ ಆಟಗಾರನಿಂದಲೂ ಆಗದು.

ಲೆಕ್ಕ ಹಾಕಿ ನೋಡೋಣ. ಗಂಟೆಗೆ 140 ಕಿಲೋಮೀಟರ್ ವೇಗದ ಎಸೆತ. ಈ ಕ್ರೀಸಿನಿಂದ ಆ ಕ್ರೀಸಿಗೆ 17.68 ಮೀಟರ್. ನೆಲಕ್ಕೆ ತಾಗಿದಾಗ ವೇಗ ಒಂದಿಷ್ಟು ತಗ್ಗುತ್ತದೆ ಎಂದಿಟ್ಟುಕೊಂಡರೂ ಸುಮಾರು ಅರ್ಧ ಸೆಕೆಂಡಿನಲ್ಲಿ ಚೆಂಡು ದಾಂಡಿಗನ ಮುಂದಿರುತ್ತದೆ. ಕಣ್ಣಿಗೆ ಕಂಡದ್ದಕ್ಕೆ ತಕ್ಕಂತೆ ಕೈ ತನ್ನ ದಾರಿ ಬದಲಿಸಬೇಕಾದರೆ ಸುಮಾರು 200 ಮಿಲಿಸೆಕೆಂಡು ಬೇಕು. ಅಂದರೆ ಕೊನೆಯ ಐದಾರು ಮೀಟರಿನಲ್ಲಿ ಚೆಂಡು ಏನೇ ಆಟ ಆಡಿದರೂ ಹೊಡೆತವನ್ನು ತಿದ್ದಲು ಸಮಯವಿಲ್ಲ. ಇಂಗ್ಲೆಂಡಿನ ಮನೋವಿಜ್ಞಾನಿ ಪೀಟರ್ ಮೆಕ್‌ಲಾಡ್ 1987ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಬಹಳ ಮಜವಾದದ್ದು. ಪಿಚ್ಚಿಗೆ ಹಾಸಿದ ಚಾಪೆಯ ಅಡಿಯಲ್ಲಿ ಮರದ ಸಣ್ಣ ಕಡ್ಡಿಗಳನ್ನಿಟ್ಟರು. ಚೆಂಡು ಪುಟಿದ ಮೇಲೆ ಎಡಕ್ಕೋ ಬಲಕ್ಕೋ ಯಾರಿಗೂ ಹೇಳಲಾಗದು. ಆಡಲು ಕರೆದದ್ದು ಅಂತರರಾಷ್ಟ್ರೀಯ ದಾಂಡಿಗರನ್ನು. ಅವರಿಗೂ ಹೊಡೆತ ತಿದ್ದಿಕೊಳ್ಳಲು ಅದೇ 200 ಮಿಲಿಸೆಕೆಂಡು ಬೇಕಾಯಿತು. ನಿಮಗೂ ನನಗೂ ಬೇಕಾಗುವಷ್ಟೇ!

ಹಾಗಾದರೆ ಅವರು ಆಡುವುದು ಹೇಗೆ? ನಾವು ಆಡಲಾರದ್ದು ಏಕೆ?

ಇದೇ ಮೆಕ್‌ಲಾಡ್, ಕಣ್ಣಿನ ಚಲನೆಯನ್ನೇ ಜೀವಮಾನವಿಡೀ ಅಭ್ಯಾಸ ಮಾಡಿದ ಮೈಕೆಲ್ ಲ್ಯಾಂಡ್ ಅವರೊಡನೆ ಸೇರಿ 2000ದಲ್ಲಿ ಉತ್ತರದ ಒಂದು ಭಾಗವನ್ನು ಕೊಟ್ಟರು. ಬೇರೆ ಬೇರೆ ಮಟ್ಟದ ಮೂವರು ದಾಂಡಿಗರ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ, ಚೆಂಡು ಬರುವಾಗ ದೃಷ್ಟಿ ಎಲ್ಲೆಲ್ಲಿ ಹೋಗುತ್ತದೆ ಎಂದು ದಾಖಲಿಸಿದರು. ಮೂವರೂ ಚೆಂಡನ್ನು ಉದ್ದಕ್ಕೂ ಹಿಂಬಾಲಿಸಲಿಲ್ಲ. ಚೆಂಡು ಹೊರಟ ಕ್ಷಣವನ್ನು ನೋಡಿದರು. ಆಮೇಲೆ ದೃಷ್ಟಿ ಒಂದೇ ನೆಗೆತಕ್ಕೆ, ಚೆಂಡು ಎಲ್ಲಿ ಪುಟಿಯಬಹುದೋ ಆ ಜಾಗಕ್ಕೆ ಹಾರಿತು; ಅಲ್ಲಿ ಚೆಂಡಿಗಾಗಿ ಕಾಯಿತು. ಮೂವರಲ್ಲಿ ಒಳ್ಳೆಯ ದಾಂಡಿಗನ ಕಣ್ಣು ಬೇಗ ಹಾರುತ್ತಿತ್ತು, ಕಾಯಲು ಅವನಿಗೆ ಹೆಚ್ಚು ಹೊತ್ತು ಸಿಗುತ್ತಿತ್ತು. 2013ರಲ್ಲಿ ಡೇವಿಡ್ ಮ್ಯಾನ್ ಮತ್ತು ಸಂಗಡಿಗರು ಜಗತ್ತಿನ ಅತಿ ಶ್ರೇಷ್ಠ ದಾಂಡಿಗರ ಕಣ್ಣನ್ನೇ ಅಳೆದಾಗ ಇನ್ನೊಂದು ಸಂಗತಿ ಹೊರಬಿತ್ತು. ಇವರ ದೃಷ್ಟಿ ಎರಡನೆಯ ಸಲವೂ ಹಾರುತ್ತದೆ: ಬ್ಯಾಟಿಗೂ ಚೆಂಡಿಗೂ ಭೇಟಿಯಾಗುವ ಜಾಗಕ್ಕೆ. ಕೋಚ್ ಹೇಳಿದ ಹಾಗೆ ಬ್ಯಾಟಿಗೆ ಬಡಿಯುವ ಕ್ಷಣವನ್ನು ಅವರು ನೋಡುವುದು ನಿಜ, ಆದರೆ ಚೆಂಡಿನ ಹಿಂದೆ ಓಡಿ ಅಲ್ಲ, ಅದಕ್ಕಿಂತ ಮುಂಚೆ ಹೋಗಿ ಕೂತು.

ಮುಂಚೆ ಹೋಗಬೇಕಾದರೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರಬೇಕಲ್ಲ? ಅದು ಗೊತ್ತಾಗುವುದು ಬಹುಪಾಲು ಚೆಂಡಿನಿಂದಲ್ಲ, ಚೆಂಡು ಕೈ ಬಿಡುವ ಮೊದಲೇ ಎಸೆಯುವವನ ಮೈಯಿಂದ. ಆಸ್ಟ್ರೇಲಿಯಾದ ಬ್ರೂಸ್ ಅಬರ್ನೆತಿ ಇದನ್ನು ಪರೀಕ್ಷಿಸಲು ಒಂದು ಸರಳ ಉಪಾಯ ಬಳಸಿದರು. ಆಟದ ಚಿತ್ರ ತೋರಿಸುತ್ತಾ ಹೋಗಿ, ಹೊಡೆತಕ್ಕೆ ಮುಂಚೆಯೇ ತಟ್ಟನೆ ಪರದೆ ಕಪ್ಪಾಗಿಸುವುದು. ‘ಈಗ ಎಲ್ಲಿ ಬೀಳುತ್ತದೆ ಹೇಳಿ’ ಎಂದು ಕೇಳುವುದು. 1987ರ ಅವರ ಬ್ಯಾಡ್ಮಿಂಟನ್ ಅಧ್ಯಯನದಲ್ಲಿ ಹೊಸಬರು ಎದುರಾಳಿಯ ರಾಕೆಟ್ಟಿನಿಂದ ಮಾತ್ರ ಸುಳಿವು ಹಿಡಿಯುತ್ತಿದ್ದರು. ನುರಿತವರು ರಾಕೆಟ್ಟಿನ ಜೊತೆಗೆ ಅದನ್ನು ಹಿಡಿದ ತೋಳನ್ನೂ ಓದುತ್ತಿದ್ದರು. ತೋಳು ರಾಕೆಟ್ಟಿಗಿಂತ ಮುಂಚೆ ಚಲಿಸುತ್ತದೆ, ಆದ್ದರಿಂದ ಅವರಿಗೆ ಸುದ್ದಿ ಮುಂಚೆ ಸಿಗುತ್ತದೆ. ಕ್ರಿಕೆಟ್ಟಿನಲ್ಲೂ ಹೀಗೆಯೇ: ಬೌಲರನ ಮಣಿಕಟ್ಟು, ಚೆಂಡು ಹಿಡಿದ ಕೈ, ತೋಳು.

ಈ ಓದು ಎಷ್ಟು ನಿರ್ದಿಷ್ಟವಾದದ್ದು ಎಂಬುದಕ್ಕೆ ಅಮೆರಿಕದ ಒಂದು ಪ್ರಸಂಗ ಹೇಳಬೇಕು. 2004ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಪ್ರದರ್ಶನ ಪಂದ್ಯದಲ್ಲಿ ಸಾಫ್ಟ್‌ಬಾಲ್ ಆಟಗಾರ್ತಿ ಜೆನ್ನಿ ಫಿಂಚ್, ಆ ಕಾಲದ ಬೇಸ್‌ಬಾಲ್ ದಿಗ್ಗಜ ಆಲ್ಬರ್ಟ್ ಪುಹೋಲ್ಸ್ ಅವರಿಗೆ ಚೆಂಡೆಸೆದರು. ಸಾಫ್ಟ್‌ಬಾಲ್ ಚೆಂಡು ದೊಡ್ಡದು. ವೇಗವೂ ಕಡಿಮೆ. ದೂರ ಕಡಿಮೆಯಿರುವುದರಿಂದ ಹೊಡೆಯುವವನಿಗೆ ಸಿಗುವ ಸಮಯ ಹೆಚ್ಚುಕಡಿಮೆ ಅಷ್ಟೇ. ಪುಹೋಲ್ಸ್ ಚೆಂಡನ್ನು ಮುಟ್ಟಲಾಗದೆ ಹೊರಟರು. ಅವರ ಕಣ್ಣು ಆ ದಿನ ಮಂದವಾಗಿರಲಿಲ್ಲ, ರಟ್ಟೆ ಸೋತಿರಲಿಲ್ಲ. ವರ್ಷಗಟ್ಟಲೆ ಅವರು ಓದಿದ್ದು ಭುಜದ ಮೇಲಿಂದ ಬರುವ ತೋಳನ್ನು. ಫಿಂಚ್ ಎಸೆದದ್ದು ಸೊಂಟದ ಕೆಳಗಿನಿಂದ. ಆ ಲಿಪಿ ಅವರಿಗೆ ಬರುತ್ತಿರಲಿಲ್ಲ, ಅಷ್ಟೆ.

ನಮ್ಮ ಮೈಸೂರಿನ ಬಿ. ಎಸ್. ಚಂದ್ರಶೇಖರ್ ನೆನಪಾಗುವುದು ಇಲ್ಲಿಯೇ. ಚಿಕ್ಕಂದಿನಲ್ಲಿ ಪೋಲಿಯೊ ತಗುಲಿ ಬಲಗೈ ಸೊರಗಿತ್ತು. ಆ ಕೈಯಿಂದಲೇ ಅವರು ಲೆಗ್‌ಬ್ರೇಕು, ಗೂಗ್ಲಿಗಳನ್ನು ಸ್ಪಿನ್ನರುಗಳಿಗೆ ಒಗ್ಗದ ವೇಗದಲ್ಲಿ ಹಾಕಿದರು. 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್. ಇಂಗ್ಲೆಂಡ್ 101ಕ್ಕೆ ಮುಗಿಯಿತು, ಆ ನೆಲದಲ್ಲಿ ಭಾರತ ಮೊದಲ ಸಲ ಸರಣಿ ಗೆದ್ದಿತು. ಅವರ ಚೆಂಡಿನ ತಿರುವನ್ನೂ ವೇಗವನ್ನೂ ಎಲ್ಲರೂ ಹೊಗಳಿದ್ದಾರೆ. ನನ್ನ ಅಭಿಪ್ರಾಯ ಕೇಳಿದರೆ, ದಾಂಡಿಗರನ್ನು ಅಷ್ಟೇ ಕಾಡಿದ್ದು ಆ ತೋಳು. ಅಂಥ ತೋಳನ್ನು ಅವರು ಬೇರೆಲ್ಲಿ ನೋಡಿದ್ದರು? ಯಾವ ಕೋಚಿಂಗ್ ಪುಸ್ತಕವೂ ಹೇಳಿಕೊಡದ ಚಲನೆ ಅದು. ಇಂದಿನ ಯಾವುದಾದರೂ ಅಕಾಡೆಮಿಗೆ ಬಾಲಕ ಚಂದ್ರ ಬಂದಿದ್ದರೆ ಮೊದಲು ಅವರ ಆ್ಯಕ್ಷನ್ ‘ಸರಿ’ ಮಾಡಲು ಹೊರಡುತ್ತಿದ್ದರೇನೋ.

ಎದುರಾಳಿಯ ಓದನ್ನು ಕೆಡಿಸುವ ಕಲೆಗೆ ಇನ್ನೂ ಸೊಗಸಾದ ಉದಾಹರಣೆ ಬ್ಯಾಡ್ಮಿಂಟನ್ನಿನ ಪ್ರಕಾಶ್ ಪಡುಕೋಣೆ. ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಹಾಲ್‌ನಲ್ಲಿ, ಮದುವೆ ಮುಂಜಿ ಇಲ್ಲದ ದಿನಗಳಲ್ಲಿ ಆಡಿ ಬೆಳೆದವರು. 1980ರ ಮಾರ್ಚಿನಲ್ಲಿ ಆಲ್ ಇಂಗ್ಲೆಂಡ್ ಫೈನಲ್. ಎದುರಿಗೆ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್, ಹಿಂದಿನ ಎರಡು ವರ್ಷಗಳ ಚಾಂಪಿಯನ್. ಎಗರಿ ಸ್ಮ್ಯಾಶ್ ಹೊಡೆದರೆ ಎದುರಾಳಿಗೆ ಉಸಿರಾಡಲು ಬಿಡದ ಆಟಗಾರ. ಪ್ರಕಾಶ್ 15-3, 15-10ರಿಂದ ಗೆದ್ದರು. ಬಲಕ್ಕೆ ಬಲ ಒಡ್ಡಿ ಗೆದ್ದದ್ದಲ್ಲ. ಆಟದ ವೇಗವನ್ನು ಇಳಿಸಿದರು. ಕಿಂಗ್‌ಗೆ ಬೇಕಾದ ಎತ್ತರದಲ್ಲಿ, ಬೇಕಾದ ಹೊತ್ತಿಗೆ ಷಟಲ್ ಕೊಡಲೇ ಇಲ್ಲ. ಹಿಂದಕ್ಕೆ ಟಾಸ್ ಮಾಡುವುದಕ್ಕೂ ಬಲೆಯ ಪಕ್ಕಕ್ಕೆ ಡ್ರಾಪ್ ಮಾಡುವುದಕ್ಕೂ ಅರ್ಧ ಸ್ಮ್ಯಾಶ್‌ಗೂ ಅವರ ತೋಳಿನ ಸಿದ್ಧತೆ ಒಂದೇ ರೀತಿ; ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ತೀರ್ಮಾನ ಮಾಡುತ್ತಿತ್ತು. ಅಬರ್ನೆತಿಯ ಮಾತಿನಲ್ಲಿ ಹೇಳುವುದಾದರೆ, ನುರಿತ ಕಣ್ಣು ಎಲ್ಲಿಂದ ಸುದ್ದಿ ಪಡೆಯುತ್ತದೋ ಆ ತೋಳನ್ನೇ ಪ್ರಕಾಶ್ ಮೌನವಾಗಿಟ್ಟರು. ಸಂಶೋಧನೆ ಪ್ರಕಟವಾಗುವುದಕ್ಕೆ ಏಳು ವರ್ಷ ಮೊದಲು!

ಇಲ್ಲಿ ಒಂದು ಎಚ್ಚರಿಕೆಯ ಮಾತು. ‘ಕಣ್ಣೇ ಮುಖ್ಯ’ ಎಂದ ಕೂಡಲೇ ಕಣ್ಣಿಗೆ ವ್ಯಾಯಾಮ ಕೊಡಿಸುವ ವ್ಯಾಪಾರ ಶುರುವಾಗುತ್ತದೆ. ಮಿಣುಕುವ ದೀಪ ಮುಟ್ಟುವ ಹಲಗೆ, ಪರದೆಯ ಮೇಲೆ ಓಡುವ ಚುಕ್ಕೆ, ದುಬಾರಿ ಕನ್ನಡಕ. ಅಬರ್ನೆತಿ ಮತ್ತು ಜೋಆನ್ ವುಡ್ 1997ರಲ್ಲಿಯೂ 2001ರಲ್ಲಿಯೂ ಇಂಥ ಸಾಮಾನ್ಯ ದೃಷ್ಟಿ ತರಬೇತಿಯನ್ನು ಪರೀಕ್ಷಿಸಿ, ಅದರಿಂದ ಆಟ ಸುಧಾರಿಸಿದ ಲಕ್ಷಣವಿಲ್ಲ ಎಂದು ಬರೆದರು. ಚುಕ್ಕೆ ಮುಟ್ಟುವುದನ್ನು ಅಭ್ಯಾಸ ಮಾಡಿದವರು ಚುಕ್ಕೆ ಮುಟ್ಟುವುದರಲ್ಲಿ ಜಾಣರಾದರು. ನುರಿತವನ ಕಣ್ಣು ನಮ್ಮ ಕಣ್ಣಿಗಿಂತ ಚುರುಕಲ್ಲ. ಅದು ತನ್ನ ಆಟದಲ್ಲಿ ಎಲ್ಲಿ ನೋಡಬೇಕೆಂದು ಬಲ್ಲದು, ಕಂಡದ್ದನ್ನು ಕೈಗೆ ಒಪ್ಪಿಸಬಲ್ಲದು.

ಈಗ ಕೈಯ ಕಡೆ ಬರೋಣ. ಇದಕ್ಕೆ 1920ರ ದಶಕದ ಮಾಸ್ಕೋಗೆ ಹೋಗಬೇಕು. ಕ್ರಾಂತಿಯ ನಂತರದ ಸೋವಿಯತ್ ದೇಶ ಕಾರ್ಮಿಕರ ದುಡಿಮೆಯನ್ನು ವೈಜ್ಞಾನಿಕಗೊಳಿಸಲು ಹೊರಟಿತ್ತು. ಅದಕ್ಕೆಂದೇ ಕಟ್ಟಿದ ಕೇಂದ್ರ ಶ್ರಮ ಸಂಸ್ಥೆಗೆ ನಿಕೊಲಾಯ್ ಬರ್ನ್‌ಸ್ಟೈನ್ ಎಂಬ ಯುವ ವೈದ್ಯ ಸೇರಿದರು. ಉಳಿ ಸುತ್ತಿಗೆ ಹಿಡಿದು ಕಬ್ಬಿಣ ಕಡಿಯುವ ಕುಶಲ ಕೆಲಸಗಾರರ ಭುಜ, ಮೊಣಕೈ, ಮಣಿಕಟ್ಟು, ಸುತ್ತಿಗೆಗಳಿಗೆ ಪುಟ್ಟ ಬಲ್ಬುಗಳನ್ನು ಕಟ್ಟಿ, ತಿರುಗುವ ಮುಚ್ಚಳವಿದ್ದ ಕ್ಯಾಮೆರಾದಿಂದ ಚಿತ್ರ ತೆಗೆದರು. ಒಂದೊಂದು ಏಟೂ ಬೆಳಕಿನ ಚುಕ್ಕೆಗಳ ಸಾಲಾಗಿ ತಟ್ಟೆಯ ಮೇಲೆ ಮೂಡಿತು. ಹುಡುಕಿದ್ದು ‘ಅತ್ಯುತ್ತಮ ಏಟಿನ’ ನಕ್ಷೆಯನ್ನು. ಅದು ಸಿಕ್ಕರೆ ಎಲ್ಲ ಕಾರ್ಮಿಕರಿಗೂ ಅಚ್ಚು ಹಾಕಿ ಕಲಿಸಬಹುದಿತ್ತು.

ಸಿಕ್ಕಿದ್ದು ಬೇರೆ. ವರ್ಷಾನುಗಟ್ಟಲೆ ಸುತ್ತಿಗೆ ಬೀಸಿದ ಕೆಲಸಗಾರನ ಒಂದು ಏಟು ಇನ್ನೊಂದರ ಹಾಗೆ ಇರಲಿಲ್ಲ! ಸುತ್ತಿಗೆಯ ಮೂತಿ ಪ್ರತಿ ಸಲವೂ ಉಳಿಯ ತಲೆಗೇ ಬೀಳುತ್ತಿತ್ತು, ಅದರಲ್ಲಿ ಹೆಚ್ಚುಕಡಿಮೆಯಿಲ್ಲ. ಆದರೆ ಅಲ್ಲಿಗೆ ತಲುಪಲು ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲವೂ ಬೇರೆ ಬೇರೆ ರೀತಿಯಲ್ಲಿ ಹೊಂದಿಕೊಳ್ಳುತ್ತಿದ್ದವು. ಭುಜ ಕೊಂಚ ಹೆಚ್ಚು ಹೋದರೆ ಮೊಣಕೈ ಅದನ್ನು ಸರಿದೂಗಿಸುತ್ತಿತ್ತು. ಹಾಗಾದರೆ ಕೌಶಲ ಎಂಬುದು ಸ್ನಾಯುಗಳಲ್ಲಿ ಕೆತ್ತಿಟ್ಟ ಒಂದು ಚಲನೆಯಲ್ಲ. ಪ್ರತಿ ಸಲವೂ ತುಸು ಬದಲಾದ ಸನ್ನಿವೇಶದಲ್ಲಿ ಅದೇ ಫಲವನ್ನು ಪಡೆಯುವ ಶಕ್ತಿ. ಅಭ್ಯಾಸದಲ್ಲಿ ಮತ್ತೆ ಮತ್ತೆ ಮಾಡಬೇಕಾದದ್ದು ಉತ್ತರವನ್ನಲ್ಲ, ಉತ್ತರ ಹುಡುಕುವ ಕೆಲಸವನ್ನು. ಬರ್ನ್‌ಸ್ಟೈನ್ ತತ್ತ್ವದ ಸಾರ ಇದು. 1947ರಲ್ಲಿ ಅವರು ಬರೆದ ಪುಸ್ತಕಕ್ಕೆ ಮರುವರ್ಷ ಸ್ಟಾಲಿನ್ ಪ್ರಶಸ್ತಿ ಬಂತು. ಅದಾದ ಕೆಲವೇ ವರ್ಷಗಳಲ್ಲಿ, ಪಾವ್ಲೊವ್ ಸಿದ್ಧಾಂತವನ್ನು ಒಪ್ಪುವುದಿಲ್ಲ ಎಂಬ ಕಾರಣಕ್ಕೆ ಅವರನ್ನು ಮೂಲೆಗುಂಪು ಮಾಡಿದರು. 1966ರಲ್ಲಿ ತೀರಿಕೊಂಡರು, ಪಶ್ಚಿಮದ ದೇಶಗಳು ಅವರನ್ನು ಸರಿಯಾಗಿ ಓದಿದ್ದು ಆಮೇಲೆ.

ಕಣ್ಣಿನ ಮತ್ತು ಕೈಯ ಈ ಎರಡು ಸಂಗತಿಗಳನ್ನು ಜೋಡಿಸಿ ನಮ್ಮ ಅಭ್ಯಾಸದ ಅಂಗಳಗಳನ್ನು ನೋಡಿ. ಬೌಲಿಂಗ್ ಯಂತ್ರ ಇದೆ. ಅದಕ್ಕೆ ತೋಳಿಲ್ಲ, ಮಣಿಕಟ್ಟಿಲ್ಲ, ಓಡಿ ಬರುವ ಹೆಜ್ಜೆಯಿಲ್ಲ. ಒಂದೇ ಜಾಗಕ್ಕೆ, ಒಂದೇ ವೇಗದಲ್ಲಿ ಉಗುಳುತ್ತದೆ. ಹುಡುಗ ನೂರು ಕವರ್ ಡ್ರೈವ್ ಹೊಡೆದು ಬೆವರು ಒರೆಸಿಕೊಳ್ಳುತ್ತಾನೆ, ತಂದೆ ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಾರೆ, ನೋಡಲು ಚೆಂದ. ಆದರೆ ಯಂತ್ರದ ಎದುರು ಆಡುವಾಗಲೂ ಬೌಲರ್ ಎದುರು ಆಡುವಾಗಲೂ ಎಳೆಯ ದಾಂಡಿಗರನ್ನು ಅಳೆದ ಇಯಾನ್ ರೆನ್ಶಾ, ರಾಸ್ ಪಿಂಡರ್, ಕೀತ್ ಡೇವಿಡ್ಸ್ ಮೊದಲಾದವರಿಗೆ ಇವೆರಡೂ ಬೇರೆ ಹೊಡೆತಗಳೆಂದೇ ಕಂಡವು: ಬ್ಯಾಟು ಎತ್ತುವ ಎತ್ತರ, ಮುಂಗಾಲಿನ ಹೆಜ್ಜೆ, ಶುರುಮಾಡುವ ಹೊತ್ತು, ಎಲ್ಲವೂ ಬೇರೆ. (ನಾನು ಆಗಲೇ ಹೇಳಿದ ಲ್ಯಾಂಡ್ ಅವರ ಪ್ರಯೋಗವೂ ನಡೆದದ್ದು ಯಂತ್ರದ ಎದುರೇ ಎನ್ನುವುದು ಒಂದು ವಿನೋದ. ಅದಕ್ಕೇ ಅದು ಉತ್ತರದ ಒಂದು ಭಾಗ ಮಾತ್ರ ಎಂದೆ.)

ಯಂತ್ರ ಬೇಡವೇ ಬೇಡ ಎನ್ನುತ್ತಿಲ್ಲ. ಗಾಯದಿಂದ ಎದ್ದು ಬಂದವನಿಗೆ, ಒಂದು ಹೊಡೆತದ ಭಯ ಕಳೆಯಬೇಕಾದವನಿಗೆ ಅದರ ಉಪಯೋಗವಿದೆ. ಅದೇ ಅಭ್ಯಾಸವೆಂದು ತಿಳಿದರೆ ಮಾತ್ರ ಮೋಸ. ಡಾನ್ ಬ್ರಾಡ್ಮನ್ ಬೌರಲ್ ಎಂಬ ಸಣ್ಣ ಊರಿನ ತಮ್ಮ ಮನೆಯಲ್ಲಿ, ನೀರಿನ ತೊಟ್ಟಿಯ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡನ್ನು ಎಸೆದು, ಮರಳಿ ಬಂದದ್ದನ್ನು ಸ್ಟಂಪಿನಿಂದ ಹೊಡೆಯುತ್ತಿದ್ದರು. ಕಟ್ಟೆ ದುಂಡಗಿತ್ತು, ಚೆಂಡು ಎತ್ತೆತ್ತಲೋ ಪುಟಿಯುತ್ತಿತ್ತು. ಎರಡು ಏಟು ಒಂದೇ ಥರ ಇರುವ ಸಂಭವವೇ ಇಲ್ಲ. ಅಲ್ಲೂ ಬೌಲರ್ ಇರಲಿಲ್ಲ, ಒಪ್ಪಿದೆ. ಆದರೆ ಪ್ರತಿ ಚೆಂಡಿಗೂ ಹೊಸದಾಗಿ ಕಣ್ಣು ಕೈ ಕೂಡಿಸಬೇಕಿತ್ತು. ಟೆಸ್ಟ್ ಸರಾಸರಿ 99.94 ಆದದ್ದು ಆ ಕಟ್ಟೆಯಿಂದಲೇ ಎಂದು ನಾನು ಹೇಳುವುದಿಲ್ಲ. ಬರ್ನ್‌ಸ್ಟೈನ್ ನೋಡಿದ್ದರೆ ಮೆಚ್ಚುತ್ತಿದ್ದರು ಎಂದಷ್ಟೇ ಹೇಳುತ್ತೇನೆ.

ಬದಲಾವಣೆಯಿಂದ ಕಲಿಕೆ ಗಟ್ಟಿಯಾಗುತ್ತದೆ ಎಂಬುದಕ್ಕೆ ಬೇರೆಯ ಸಾಕ್ಷ್ಯವೂ ಇದೆ. 1978ರಲ್ಲಿ ಕೆರ್ ಮತ್ತು ಬೂತ್ ಎಂಬಿಬ್ಬರು ಎಂಟು ವರ್ಷದ ಮಕ್ಕಳಿಗೆ ಕಾಳು ತುಂಬಿದ ಚೀಲವನ್ನು ಗುರಿಗೆ ಎಸೆಯಲು ಕಲಿಸಿದರು. ಒಂದು ಗುಂಪು 3 ಅಡಿ ದೂರದಿಂದಲೇ ಎಸೆಯಿತು. ಇನ್ನೊಂದು 2 ಅಡಿ ಮತ್ತು 4 ಅಡಿಯಿಂದ. ಕೊನೆಗೆ 3 ಅಡಿಯಿಂದ ಪರೀಕ್ಷೆ ಮಾಡಿದಾಗ, 3 ಅಡಿಯಿಂದ ಒಮ್ಮೆಯೂ ಎಸೆಯದ ಗುಂಪೇ ಮುಂದಿತ್ತು. 1994ರ ಅಮೆರಿಕದ ಕಾಲೇಜು ಬೇಸ್‌ಬಾಲ್ ಪ್ರಯೋಗದಲ್ಲಿ ಮೂರು ಬಗೆಯ ಎಸೆತಗಳನ್ನು ಒಂದೊಂದಾಗಿ ಮುಗಿಸಿದವರಿಗಿಂತ, ಮೂರನ್ನೂ ಕಲಸಿ ಎದುರಿಸಿದವರು 6 ವಾರಗಳ ಕೊನೆಗೆ ಚೆನ್ನಾಗಿ ಹೊಡೆದರು. ಇದರಲ್ಲಿ ಒಂದು ತೊಡಕಿದೆ, ಕೋಚ್‌ಗಳು ಇದನ್ನು ತಿಳಿದಿರಬೇಕು. ಕಲಸಿ ಅಭ್ಯಾಸ ಮಾಡುವಾಗ ಆ ಹೊತ್ತಿಗೆ ತಪ್ಪುಗಳು ಹೆಚ್ಚು ಕಾಣುತ್ತವೆ. ನೋಡುವ ಪೋಷಕರಿಗೆ ‘ಏನೂ ಕಲಿಸುತ್ತಿಲ್ಲ’ ಅನಿಸುತ್ತದೆ. ಒಂದೇ ಹೊಡೆತ ಐವತ್ತು ಸಲ ಹೊಡೆಸಿದರೆ ಸಂಜೆಯೊಳಗೆ ಫಲ ಕಾಣುತ್ತದೆ, ಪಂದ್ಯದ ದಿನ ಕರಗಿಹೋಗುತ್ತದೆ. ಶುಲ್ಕ ಕೊಡುವವರು ಸಂಜೆಯ ಫಲವನ್ನು ಕೇಳುತ್ತಾರೆ. ತರಬೇತುದಾರರನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಆಟದ ಮಾತು ಬಹಳವಾಯಿತು. ಇದೇ ವಿಚಾರ ಪ್ರಾಣದ ಪ್ರಶ್ನೆಯಾಗುವ ಕಡೆಗಳೂ ಇವೆ. ಜೇಮ್ಸ್ ಗಿಬ್ಸನ್ ಎಂಬ ಅಮೆರಿಕದ ಮನೋವಿಜ್ಞಾನಿ ಎರಡನೇ ಮಹಾಯುದ್ಧದಲ್ಲಿ ವಾಯುಪಡೆಗೆ ಪೈಲಟ್‌ಗಳನ್ನು ಆಯುವ ಕೆಲಸದಲ್ಲಿದ್ದರು. ಕಾಗದದ ಮೇಲಿನ ದೃಷ್ಟಿ ಪರೀಕ್ಷೆಯಿಂದ ಯಾರು ವಿಮಾನವನ್ನು ಚೆನ್ನಾಗಿ ಇಳಿಸುತ್ತಾರೆ ಎಂದು ಹೇಳಲಾಗದು ಎಂಬುದು ಅವರಿಗೆ ಮನದಟ್ಟಾಯಿತು. ಇಳಿಯುವ ಪೈಲಟ್ಟನ ಕಣ್ಣಮುಂದೆ ಇಡೀ ನೆಲ ಹೊರಕ್ಕೆ ಹರಿಯುತ್ತದೆ. ವಿಮಾನ ಹೋಗುತ್ತಿರುವ ಆ ಒಂದು ಬಿಂದು ಮಾತ್ರ ಕದಲುವುದಿಲ್ಲ. ಪೈಲಟ್ ಆ ಹರಿವನ್ನು ಓದುತ್ತಾನೆ. 1950ರ ಅವರ ಪುಸ್ತಕ ಇದನ್ನು ಬಿಡಿಸಿ ಹೇಳಿತು: ನೋಡುವುದು ಬೇರೆ, ಚಲಿಸುವುದು ಬೇರೆ ಅಲ್ಲ.

ಮೋಡದೊಳಗೆ ಹೊಕ್ಕರೆ ಆ ಹರಿವೇ ಇಲ್ಲ. ಆಗ ಒಳಕಿವಿ ಸುಳ್ಳು ಹೇಳತೊಡಗುತ್ತದೆ. ವಿಮಾನ ನಿಧಾನವಾಗಿ ಒಂದು ಕಡೆಗೆ ವಾಲಿದರೆ ಒಳಕಿವಿಯ ದ್ರವಕ್ಕೆ ಅದು ಗೊತ್ತೇ ಆಗುವುದಿಲ್ಲ. ಮತ್ತೆ ಸಮಮಾಡಿದಾಗ ಎದುರು ದಿಕ್ಕಿಗೆ ವಾಲಿದ ಹಾಗೆ ಅನಿಸುತ್ತದೆ. ಮೈ ಹೇಳಿದ್ದನ್ನು ನಂಬಿದ ಪೈಲಟ್‌ಗಳು ಪ್ರಾಣ ಕಳೆದುಕೊಂಡಿದ್ದಾರೆ. ಬೆಂಗಳೂರಿನ ವಿಮಾನಪುರದಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆಯಲ್ಲಿ ಇದಕ್ಕೆಂದೇ ಸಿಮ್ಯುಲೇಟರ್ ತರಬೇತಿಯಿದೆ. ದಿಗ್ಭ್ರಮೆಯನ್ನು ಪಾಠದಲ್ಲಿ ವಿವರಿಸಿದರೆ ಸಾಲದು, ನೆಲದ ಮೇಲೆಯೇ ಅದನ್ನು ಅನುಭವಕ್ಕೆ ತಂದು, ಮೈಯ ಮಾತು ಬಿಟ್ಟು ಉಪಕರಣಗಳ ಮಾತು ಕೇಳುವುದನ್ನು ರೂಢಿಸಬೇಕು.

ಶಸ್ತ್ರಚಿಕಿತ್ಸಕರ ಕಥೆಯೂ ಹತ್ತಿರದ್ದೇ. ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಮಾಡುವ ಲ್ಯಾಪ್ರೊಸ್ಕೋಪಿಯಲ್ಲಿ ಕೈ ಬಲಕ್ಕೆ ಹೋದರೆ ಸಲಕರಣೆಯ ತುದಿ ಎಡಕ್ಕೆ ಹೋಗುತ್ತದೆ, ನೋಡುವುದು ಪರದೆಯನ್ನು. ಕಣ್ಣು ಕೈಗಳ ಹಳೆಯ ಒಪ್ಪಂದ ಮುರಿದು ಹೊಸದನ್ನು ಕಟ್ಟಬೇಕು. ಅದನ್ನು ರೋಗಿಯ ಮೇಲೆಯೇ ಕಲಿಯಬೇಕೇ? 2002ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಬಂದ ವರದಿಯಲ್ಲಿ, ಸಿಮ್ಯುಲೇಟರಿನಲ್ಲಿ ಕಲಿತ ತರುಣ ವೈದ್ಯರು ಪಿತ್ತಕೋಶವನ್ನು ಬಿಡಿಸುವ ಹಂತವನ್ನು ಶೇಕಡಾ 29ರಷ್ಟು ಬೇಗ ಮುಗಿಸಿದರು, ತಪ್ಪುಗಳೂ ಬಹಳ ಕಡಿಮೆ. ಆಮೇಲಿನ ಬ್ರಿಟಿಷ್ ಪ್ರಯೋಗಗಳಲ್ಲಿ, ಕೈ ಹೇಗಾಡಿಸಬೇಕೆಂದು ಕಲಿತವರಿಗಿಂತ, ನುರಿತವರ ನೋಟ ಎಲ್ಲಿ ನಿಲ್ಲುತ್ತದೆಂದು ಕಲಿತವರೇ ಬೇಗ ಪಳಗಿದರು. ಕೆನಡಾದ ಜೋನ್ ವಿಕರ್ಸ್ 1996ರಲ್ಲಿ ಬಾಸ್ಕೆಟ್‌ಬಾಲ್ ಫ್ರೀಥ್ರೋದಲ್ಲಿ ಗುರುತಿಸಿದ್ದು ಇದನ್ನೇ: ಪಳಗಿದವರ ದೃಷ್ಟಿ ಎಸೆಯುವ ಮೊದಲು ಬಳೆಯ ಮೇಲೆ ಬೇಗ ನೆಲೆಸುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ.

ಮತ್ತೆ ಮೈದಾನಕ್ಕೆ ಬರೋಣ. ಕೆಲವರು ಕೇಳಬಹುದು: ಏನೂ ಬಾರದ ಮಗುವನ್ನು ನೇರ ವೇಗದ ಬೌಲರ್ ಮುಂದೆ ನಿಲ್ಲಿಸಲು ಸಾಧ್ಯವೇ? ಖಂಡಿತ ಇಲ್ಲ. ಆಟವನ್ನು ಚಿಕ್ಕದು ಮಾಡಿ, ತುಂಡು ಮಾಡಬೇಡಿ. ಪಿಚ್ಚನ್ನು ಗಿಡ್ಡ ಮಾಡಿ, ಮೆತ್ತನೆಯ ಚೆಂಡು ಕೊಡಿ, ಬ್ಯಾಡ್ಮಿಂಟನ್ ಆದರೆ ಬಲೆಯನ್ನು ತಗ್ಗಿಸಿ. ಆದರೆ ಎದುರಿಗೆ ಒಬ್ಬ ಎಸೆಯುವವನು ಇರಲಿ, ಮುಂದಿನ ಚೆಂಡು ಎಲ್ಲಿ ಬರುತ್ತದೆಂದು ಮೊದಲೇ ಗೊತ್ತಿಲ್ಲದಿರಲಿ. ಹೇಳುವ ಮಾತಿನಲ್ಲೂ ಸ್ವಲ್ಪ ಜಿಪುಣತನ ಒಳ್ಳೆಯದು. ಗೇಬ್ರಿಯೆಲ್ ವುಲ್ಫ್ ಮತ್ತು ಸಂಗಡಿಗರು 1998ರಿಂದ ಮಾಡಿದ ಪ್ರಯೋಗಗಳಲ್ಲಿ, ‘ಮೊಣಕೈ ಹೀಗಿಡು, ಕಾಲು ಹಾಗಿಡು’ ಎಂದು ಮೈಯ ಮೇಲೆ ಗಮನ ಇಡಿಸುವುದಕ್ಕಿಂತ, ಚೆಂಡು ಎಲ್ಲಿಗೆ ಹೋಗಬೇಕೆಂಬುದರ ಮೇಲೆ ಗಮನ ಇಡಿಸಿದಾಗ ಕಲಿಕೆ ಚೆನ್ನಾಗಿ ಆದದ್ದು ಮತ್ತೆ ಮತ್ತೆ ಕಂಡಿದೆ.

ಬೇಸಿಗೆ ರಜೆ ಬರುತ್ತದೆ, ಶಿಬಿರಗಳ ಫಲಕಗಳು ಏಳುತ್ತವೆ. ಎಷ್ಟು ಯಂತ್ರಗಳಿವೆ, ಯಾವ ದೇಶದಿಂದ ತರಿಸಿದ್ದು ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತಾರೆ. ಮಗುವನ್ನು ಸೇರಿಸುವ ಮೊದಲು ಒಂದು ದಿನ ಹೋಗಿ ಸುಮ್ಮನೆ ನಿಂತು ನೋಡಿ. ಎರಡು ಗಂಟೆಯ ಅಭ್ಯಾಸದಲ್ಲಿ ಮಕ್ಕಳು ಇನ್ನೊಬ್ಬ ಮನುಷ್ಯನನ್ನು ಎದುರಿಸಿ ಆಡುವುದು ಎಷ್ಟು ಹೊತ್ತು ಎಂದು ಲೆಕ್ಕ ಇಡಿ. ಅದು ಅರ್ಧ ಗಂಟೆಗಿಂತ ಕಡಿಮೆಯಿದ್ದರೆ ಬೇರೆ ಶಿಬಿರ ಹುಡುಕಿ. ಸಿಗದಿದ್ದರೆ ಮನೆಯ ಪಕ್ಕದ ಬಯಲಿನಲ್ಲಿ ಟೆನಿಸ್ ಚೆಂಡು ಹಿಡಿದ ಹತ್ತು ಮಕ್ಕಳ ಜೊತೆ ಬಿಡಿ.